ಬೆಟ್ಟದ ಮೇಲಿನ ಸಿಡಿಲಿನ ಲೆಕ್ಕ ಸಿಗುವುದು ಯಾಕೆ ಇಷ್ಟು ಕಷ್ಟ?

ಬೆಂಗಳೂರಿನ ಎತ್ತರದ ಅಪಾರ್ಟ್‌ಮೆಂಟುಗಳ ತಾರಸಿಯಲ್ಲಿ ಮಿಂಚುಬಂಧಕ ಇರುತ್ತದೆ. ಅದರಿಂದ ನೆಲಕ್ಕೆ ಇಳಿಯುವ ಲೋಹದ ಪಟ್ಟಿ ಎಷ್ಟು ಕರೆಂಟ್ ತಾಳಬೇಕು ಎನ್ನುವುದಕ್ಕೆ ಒಂದು ನಿಯಮವಿದೆ. ನಮ್ಮಲ್ಲಿ ಅದು ಐಎಸ್/ಐಇಸಿ 62305. ಹೆಸರೇ ಹೇಳುವಂತೆ ಅದು ಅಂತರರಾಷ್ಟ್ರೀಯ ನಿಯಮದ ಭಾರತೀಯ ರೂಪ. ಒಂದು ಸಿಡಿಲಿನಲ್ಲಿ ಎಷ್ಟು ಕರೆಂಟ್ ಇರಬಹುದು ಎನ್ನುವ ಕೋಷ್ಟಕವೂ ಅದರಲ್ಲಿದೆ. ಆ ಅಂಕಿಗಳ ಮೂಲ ಹುಡುಕುತ್ತಾ ಹಿಂದೆ ಹೋದರೆ ನಾವು ತಲುಪುವುದು ಸ್ವಿಟ್ಜರ್ಲೆಂಡಿನ ದಕ್ಷಿಣ ಮೂಲೆಯ ಒಂದು ಬೆಟ್ಟಕ್ಕೆ.

ಬೆಟ್ಟದ ಹೆಸರು ಮೊಂಟೆ ಸಾನ್ ಸಾಲ್ವಾತೋರೆ. ಲುಗಾನೊ ಸರೋವರದ ದಡದಿಂದ ನೆಟ್ಟಗೆ ಎದ್ದು ನಿಂತಿದೆ. ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್. ನಮ್ಮ ನಂದಿ ಬೆಟ್ಟ ಇದಕ್ಕಿಂತ 500 ಮೀಟರ್‌ಗೂ ಜಾಸ್ತಿ ಎತ್ತರ. ಆದರೂ ಸಿಡಿಲಿನ ವಿಜ್ಞಾನದಲ್ಲಿ ಈ ಪುಟ್ಟ ಬೆಟ್ಟಕ್ಕೆ ಇರುವ ಜಾಗ ಇನ್ನೊಂದಕ್ಕಿಲ್ಲ. ಕಾರ್ಲ್ ಬರ್ಗರ್ ಎಂಬ ಸ್ವಿಸ್ ಎಂಜಿನಿಯರ್ 1940ರ ದಶಕದಲ್ಲಿ ಇಲ್ಲಿ ಟವರ್ ಮೇಲೆ ಉಪಕರಣ ಕೂರಿಸಿ, 70ರ ದಶಕದ ಆರಂಭದವರೆಗೂ ಅಳೆಯುತ್ತಲೇ ಇದ್ದರು. ಟವರ್‌ಗೆ ಸಿಡಿಲು ಬಡಿದರೆ ಕರೆಂಟ್ ಒಂದು ಗೊತ್ತಿರುವ ರೆಸಿಸ್ಟರ್ ದಾಟಿ ಇಳಿಯಬೇಕು. ಅಲ್ಲಿನ ವೋಲ್ಟೇಜನ್ನು ಆಸಿಲೋಸ್ಕೋಪ್ ಚಿತ್ರವಾಗಿ ಬರೆಯುತ್ತದೆ. ಉಪಾಯ ಸರಳ. ಬೇಕಾದದ್ದು ತಾಳ್ಮೆ.

ಅಷ್ಟು ವರ್ಷ ಕಾದು ಸಿಕ್ಕಿದ್ದೆಷ್ಟು ಗೊತ್ತಾ? ಮೋಡದಿಂದ ಋಣ ಚಾರ್ಜ್ ಹೊತ್ತು ಕೆಳಗಿಳಿಯುವ ಸಾಮಾನ್ಯ ಸಿಡಿಲುಗಳಲ್ಲಿ ಮೊದಲ ಹೊಡೆತದ ಒಳ್ಳೆಯ ದಾಖಲೆ 101. ಬರ್ಗರ್ ಮತ್ತು ಸಹಲೇಖಕರು 1975ರಲ್ಲಿ ಇವನ್ನು ಒಟ್ಟುಮಾಡಿ ಪ್ರಕಟಿಸಿದರು. ಅವರ ಪ್ರಕಾರ ಮೊದಲ ಹೊಡೆತದ ಗರಿಷ್ಠ ಕರೆಂಟಿನ ಮಧ್ಯಮ ಬೆಲೆ 30 ಕಿಲೋ ಆಂಪಿಯರ್. ಅಂದರೆ ಅರ್ಧ ಹೊಡೆತಗಳು ಇದಕ್ಕಿಂತ ಜೋರು, ಅರ್ಧ ಮೆತ್ತಗೆ. ಅದೇ ದಾರಿಯಲ್ಲಿ ನಂತರ ಬರುವ ಹೊಡೆತಗಳಿಗೆ 12 ಕಿಲೋ ಆಂಪಿಯರ್. ಜಗತ್ತಿನ ವಿದ್ಯುತ್ ಲೈನುಗಳು, ಪೆಟ್ರೋಲ್ ಟ್ಯಾಂಕುಗಳು, ಆಸ್ಪತ್ರೆಗಳು ಇವತ್ತಿಗೂ ಬಹುಮಟ್ಟಿಗೆ ಈ ನೂರು ಚಿಲ್ಲರೆ ಸಿಡಿಲುಗಳ ಲೆಕ್ಕದ ಮೇಲೆ ನಿಂತಿವೆ.

ಬೇರೆ ಕಡೆ ಯಾರೂ ಅಳೆಯಲಿಲ್ಲವೇ? ಅಳೆದಿದ್ದಾರೆ. ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ಹತ್ತಿರ ಮೊರೊ ದೊ ಕಾಶಿಂಬೊ ಎಂಬ ಗುಡ್ಡವಿದೆ. ಅಲ್ಲಿ 60 ಮೀಟರ್ ಕಂಬ ನಿಲ್ಲಿಸಿ 1985ರಿಂದ ಸಿಡಿಲು ಅಳೆಯುತ್ತಿದ್ದಾರೆ. ಅಲ್ಲಿ ಮೊದಲ ಹೊಡೆತದ ಮಧ್ಯಮ ಬೆಲೆ ಸುಮಾರು 45 ಕಿಲೋ ಆಂಪಿಯರ್ ಬಂತು. ಸ್ವಿಸ್ ಅಂಕಿಗಿಂತ ಒಂದೂವರೆ ಪಟ್ಟು. ಉಷ್ಣವಲಯದ ಸಿಡಿಲೇ ಜೋರಾಗಿರುತ್ತದೋ, ಗುಡ್ಡದ ಆಕಾರದಿಂದ ಹೀಗಾಯಿತೋ, ಅಥವಾ ದಾಖಲೆಗಳ ಸಂಖ್ಯೆ ಕಡಿಮೆ ಇದ್ದದ್ದಕ್ಕೋ? ಚರ್ಚೆ ಮುಗಿದಿಲ್ಲ. ನಾವಿರುವುದೂ ಉಷ್ಣವಲಯದಲ್ಲೇ, ಹಾಗಾಗಿ ಈ ಪ್ರಶ್ನೆ ನಮಗೂ ಸೇರಿದ್ದು.

ಅಳತೆಗೆ ಬೆಟ್ಟವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಬಯಲಲ್ಲಿ ಒಂದು ನಿರ್ದಿಷ್ಟ ಕಂಬಕ್ಕೆ ಸಿಡಿಲು ಬೀಳಲಿ ಎಂದು ಕಾಯುತ್ತಾ ಕೂತರೆ ವರ್ಷಗಟ್ಟಲೆ ಏನೂ ಸಿಗದಿರಬಹುದು. ಬೆಟ್ಟದ ತುದಿಯ ಟವರ್‌ಗೆ ಹಾಗಲ್ಲ. ಈಶಾನ್ಯ ಸ್ವಿಟ್ಜರ್ಲೆಂಡಿನ ಸ್ಯಾಂಟಿಸ್ ಶಿಖರ 2,502 ಮೀಟರ್ ಎತ್ತರ. ಅದರ ನೆತ್ತಿಯಲ್ಲಿ 124 ಮೀಟರ್‌ನ ಪ್ರಸಾರ ಗೋಪುರ ಇದೆ. ಅದಕ್ಕೆ ವರ್ಷಕ್ಕೆ ನೂರರ ಆಸುಪಾಸು ಸಿಡಿಲು ಬಡಿಯುತ್ತದೆ. ಸಂಶೋಧಕರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಸಿಕ್ಕಲು ಇಲ್ಲೇ ಶುರುವಾಗುತ್ತದೆ. ಇಂಥ ಟವರ್‌ಗಳಿಗೆ ತಗಲುವ ಸಿಡಿಲುಗಳಲ್ಲಿ ಬಹುಪಾಲು ಮೇಲಿಂದ ಬೀಳುವುದೇ ಇಲ್ಲ. ಅವು ಟವರ್ ತುದಿಯಿಂದ ಹೊರಟು ಮೇಲಕ್ಕೆ, ಮೋಡದ ಕಡೆಗೆ ಬೆಳೆಯುತ್ತವೆ. ಮೋಡದಲ್ಲಿ ಚಾರ್ಜ್ ಜಮಾ ಆದಾಗ ಕೆಳಗಿನ ಚೂಪಾದ, ಎತ್ತರದ ವಸ್ತುವಿನ ತುದಿಯಲ್ಲಿ ವಿದ್ಯುತ್ ಕ್ಷೇತ್ರ ವಿಪರೀತ ಹೆಚ್ಚುತ್ತದೆ. ಬಯಲಲ್ಲಿ ಇದು ನಡೆಯಬೇಕಾದರೆ ಕಟ್ಟಡ ನೂರು ಮೀಟರ್‌ಗಿಂತ ಚೆನ್ನಾಗಿಯೇ ಎತ್ತರ ಇರಬೇಕು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ 1930ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಬೆಟ್ಟದ ಮೇಲಾದರೆ ಸಣ್ಣ ಟವರ್ ಕೂಡ ಸಾಕು, ಬೆಟ್ಟದ ಎತ್ತರವೂ ಅದಕ್ಕೆ ಸಹಾಯ ಮಾಡುತ್ತದೆ. ಸಾನ್ ಸಾಲ್ವಾತೋರೆಯಲ್ಲೂ ಮೇಲ್ಮುಖ ಸಿಡಿಲುಗಳದ್ದೇ ದರ್ಬಾರು. ಅಷ್ಟು ವರ್ಷ ಕಾದರೂ ಬರ್ಗರ್‌ಗೆ ಸಾಮಾನ್ಯ ಸಿಡಿಲಿನ 101 ದಾಖಲೆ ಮಾತ್ರ ಸಿಕ್ಕಿದ್ದು ಇದಕ್ಕೇ.

ಸಿಡಿಲನ್ನು ಅಳೆಯಲು ಅನುಕೂಲವಾದ ಜಾಗ ಬೆಟ್ಟ, ಅಲ್ಲಿ ಜಾಸ್ತಿ ಸಿಗುವುದು ಬಯಲಿಗೆ ಅಪರೂಪವಾದ ಸಿಡಿಲು. ಮೊದಲ ತೊಡಕು ಇದು. ಎರಡನೆಯದು ಇನ್ನೂ ತಮಾಷೆಯಾಗಿದೆ: ಬೆಟ್ಟದ ಈ ವಿಶೇಷ ಸಿಡಿಲನ್ನು ದೂರದಿಂದ ಎಣಿಸುವ ನೆಟ್‌ವರ್ಕ್‌ಗಳಿಗೆ ಅದು ಎಷ್ಟೋ ಸಲ ಕಾಣುವುದೇ ಇಲ್ಲ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಗರದ ಪಕ್ಕದ ಗೈಸ್‌ಬರ್ಗ್ ಬೆಟ್ಟ. ಎತ್ತರ 1,287 ಮೀಟರ್, ಮೇಲೊಂದು 100 ಮೀಟರ್ ಟವರ್. 1998ರಿಂದ ಅದರ ತುದಿಯಲ್ಲಿ ಕರೆಂಟ್ ಅಳೆಯುತ್ತಿದ್ದಾರೆ. ಅಲ್ಲಿ ದಾಖಲಾದ ಸಿಡಿಲುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಒಂದು ವಿಚಿತ್ರ ಜಾತಿಯವು. ಅವುಗಳಲ್ಲಿ ಫಟ್ ಎನ್ನುವ ದೊಡ್ಡ ಹೊಡೆತವೇ ಇರುವುದಿಲ್ಲ. ಕೆಲವು ನೂರು ಆಂಪಿಯರ್ ಕರೆಂಟ್ ಒಂದೇ ಸಮನೆ ಸೆಕೆಂಡಿನ ಒಂದಷ್ಟು ಭಾಗದವರೆಗೆ ಹರಿದು ನಿಂತುಬಿಡುತ್ತದೆ. ಸಾಮಾನ್ಯ ಸಿಡಿಲಿನ ಹೊಡೆತ ಸುತ್ತಿಗೆಯ ಏಟಾದರೆ ಇದು ವೆಲ್ಡಿಂಗ್ ಇದ್ದ ಹಾಗೆ. ಸದ್ದು ಕಡಿಮೆ, ಕಾಯಿಸುವುದು ಜಾಸ್ತಿ.

ನೆಟ್‌ವರ್ಕ್‌ಗಳಿಗೆ ಇದು ಕಾಣದಿರುವುದಕ್ಕೆ ಕಾರಣ ತಿಳಿಯಬೇಕಾದರೆ ಅವು ಕೆಲಸ ಮಾಡುವ ರೀತಿಯನ್ನು ನೋಡಬೇಕು. ಸಿಡಿಲಿನ ಕರೆಂಟ್ ಥಟ್ಟನೆ ಏರಿದಾಗ ರೇಡಿಯೊ ಅಲೆ ಹೊರಡುತ್ತದೆ. ಮಳೆಗಾಲದ ಹೊತ್ತಿಗೆ ಹಳೆಯ ರೇಡಿಯೊದಲ್ಲಿ ಕರಕರ ಕೇಳುತ್ತಿತ್ತಲ್ಲ, ಅದೇ. ನೂರಾರು ಕಿಲೋಮೀಟರ್ ಅಂತರದಲ್ಲಿ ನಿಂತ ಸೆನ್ಸರ್‌ಗಳು ಆ ಅಲೆ ತಮ್ಮನ್ನು ತಲುಪಿದ ಸಮಯವನ್ನು ಜಿಪಿಎಸ್ ಗಡಿಯಾರದಲ್ಲಿ ಗುರುತು ಹಾಕಿಕೊಳ್ಳುತ್ತವೆ. ಯಾವ ಸೆನ್ಸರ್‌ಗೆ ಎಷ್ಟು ಮೊದಲು, ಎಷ್ಟು ತಡವಾಗಿ ಬಂತು ಎನ್ನುವುದರಿಂದ ಸಿಡಿಲು ಬಿದ್ದ ಜಾಗ ಲೆಕ್ಕ ಹಾಕುತ್ತಾರೆ. ಅಲೆಯ ಬಲದಿಂದ ಕರೆಂಟ್ ಎಷ್ಟಿತ್ತೆಂದು ಅಂದಾಜು ಮಾಡುತ್ತಾರೆ. ಎಲ್ಲವೂ ನಿಂತಿರುವುದು ಕರೆಂಟ್ ಥಟ್ಟನೆ ಏರುವುದರ ಮೇಲೆ. ನಿಧಾನವಾಗಿ ಏರಿ ನಿಧಾನವಾಗಿ ಇಳಿದರೆ ಸೆನ್ಸರ್‌ಗೆ ಕೇಳಿಸುವಂಥದ್ದು ಏನೂ ಹೊರಡುವುದಿಲ್ಲ. ಟವರ್ ತುದಿಯ ಉಪಕರಣ ಸಿಡಿಲು ಬಂತು ಎನ್ನುತ್ತದೆ, ನೆಟ್‌ವರ್ಕಿನ ಕಡತದಲ್ಲಿ ಆ ಹೊತ್ತಿಗೆ ಏನೂ ಇಲ್ಲ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ.

ಗೈಸ್‌ಬರ್ಗ್‌ನಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಯುರೋಪಿನಲ್ಲಿ ಗುಡುಗು ಮಳೆ ಬೇಸಿಗೆಯ ವ್ಯವಹಾರ. ಆದರೆ ಈ ಟವರ್‌ಗೆ ಚಳಿಗಾಲದಲ್ಲೂ ಸಿಡಿಲು ಬಡಿಯುತ್ತದೆ. ಸುತ್ತಮುತ್ತ ಬೇರೆಲ್ಲೂ ಮಿಂಚಿಲ್ಲದ ಹೊತ್ತಿನಲ್ಲೂ ಬಡಿಯುತ್ತದೆ. ಚಳಿಗಾಲದಲ್ಲಿ ಮೋಡದ ಚಾರ್ಜ್ ಇರುವ ಪದರ ಕೆಳಕ್ಕೆ ಇಳಿದಿರುತ್ತದೆ, ಬೆಟ್ಟದ ತುದಿ ಅದರ ಸಮೀಪಕ್ಕೆ ಹೋಗುತ್ತದೆ. ಆ ಮೋಡ ತನ್ನ ಪಾಡಿಗೆ ಸುಮ್ನೆ ಹೋಗುತ್ತಿತ್ತೇನೋ. ಟವರ್ ಇದ್ದದ್ದರಿಂದ ಸಿಡಿಲು ಹುಟ್ಟಿತು. ಹಾಗಾದರೆ ಆ ಸಿಡಿಲನ್ನು ಬೆಟ್ಟದ ಲೆಕ್ಕಕ್ಕೆ ಬರೆಯಬೇಕೋ, ಟವರ್ ಲೆಕ್ಕಕ್ಕೋ? ಒಂದು ಬೆಟ್ಟ ಸಾಲಿನಲ್ಲಿ ಚದರ ಕಿಲೋಮೀಟರಿಗೆ ಇಷ್ಟು ಸಿಡಿಲು ಎಂದು ನಕ್ಷೆ ಮಾಡುವವರಿಗೆ ಇದು ನಿಜವಾದ ತಲೆನೋವು. ಹೊಸ ಟವರ್ ಬಂದ ವರ್ಷದಿಂದ ಅಲ್ಲಿ ಅಂಕಿ ಏರುತ್ತದೆ. ಹವಾಮಾನ ಬದಲಾಯಿತು ಎಂದು ಯಾರಾದರೂ ಅದನ್ನು ಓದಿದರೆ ಕಥೆ ಕೆಟ್ಟಿತು.

ಸಿಡಿಲು ಕಂಡಾಗಲೂ ಬೆಟ್ಟ ಅಂಕಿಯನ್ನು ತಿರುಚುತ್ತದೆ. ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ. ನೆಲವನ್ನು ತಬ್ಬಿಕೊಂಡು ಸಾಗುವ ಅಲೆ ಕಣಿವೆ ಇಳಿದು ದಿಬ್ಬ ಹತ್ತಿ ಬಂದರೆ ಅದರ ದಾರಿ ನಕ್ಷೆಯ ನೇರ ಗೆರೆಗಿಂತ ಉದ್ದವಾಗುತ್ತದೆ. ಜೊತೆಗೆ ಕಲ್ಲು ನೆಲದಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಅಂಥ ನೆಲದ ಮೇಲೆ ಸಾಗಿದ ಅಲೆಯ ಚೂಪಾದ ಮುಂಭಾಗ ಮೊಂಡಾಗುತ್ತದೆ, ಸೆನ್ಸರ್‌ಗೆ ಅದು ಬಂದ ಕ್ಷಣ ಇದೇ ಎಂದು ಹಿಡಿಯುವುದು ಕಷ್ಟವಾಗುತ್ತದೆ. ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಆಚೀಚೆ ಆದರೆ ಸಿಡಿಲು ಬಿದ್ದ ಜಾಗ ನಕ್ಷೆಯಲ್ಲಿ ನೂರಾರು ಮೀಟರ್ ಸರಿದು ಕೂರುತ್ತದೆ.

ಇದನ್ನೆಲ್ಲ ಊಹೆಯಲ್ಲಿ ಬಿಡದೆ ಪರೀಕ್ಷೆಗೆ ಹಚ್ಚಿದ್ದು ಸ್ಯಾಂಟಿಸ್‌ನಲ್ಲಿ. ಲೊಸಾನ್ ನಗರದ ಇಪಿಎಫ್‌ಎಲ್ ಸಂಸ್ಥೆಯ ಫರ್ಹಾದ್ ರಶೀದಿ, ವೊ ಪ್ರಾಂತ್ಯದ ಎಂಜಿನಿಯರಿಂಗ್ ಶಾಲೆಯ ಮಾರ್ಕೋಸ್ ರುಬಿನ್‌ಸ್ಟೈನ್ ಮತ್ತು ತಂಡದವರು 2010ರಲ್ಲಿ ಆ ಗೋಪುರಕ್ಕೆ ಉಪಕರಣ ಕೂರಿಸಿದರು. 24 ಮೀಟರ್ ಮತ್ತು 82 ಮೀಟರ್ ಎತ್ತರದಲ್ಲಿ ರೊಗೋವ್ಸ್ಕಿ ಕಾಯಿಲ್ ಸುತ್ತಿದ್ದಾರೆ. ಕರೆಂಟ್ ಹರಿಯುವ ಲೋಹವನ್ನು ಮುಟ್ಟದೆ, ಸುತ್ತಲಿನ ಕಾಂತಕ್ಷೇತ್ರದಿಂದಲೇ ಕರೆಂಟ್ ಅಳೆಯುವ ಸುರುಳಿ ಅದು. ಅಲ್ಲಿ ಸಿಕ್ಕಿದ ಅಂಕಿಯನ್ನು ಯೂಕ್ಲಿಡ್ ಎಂಬ ಯುರೋಪಿನ ಸಿಡಿಲು ನೆಟ್‌ವರ್ಕ್ ದೂರದಿಂದ ಕೊಟ್ಟ ಅಂಕಿಯ ಪಕ್ಕ ಇಟ್ಟು ನೋಡಿದರು. 2010ರಿಂದ 2013ರವರೆಗಿನ ದಾಖಲೆಗಳು.

ಜೋರಾದ ಪಲ್ಸ್ ಇದ್ದ ಸಿಡಿಲುಗಳನ್ನು ನೆಟ್‌ವರ್ಕ್ ಬಹುತೇಕ ಹಿಡಿದಿತ್ತು. ಜಾಗ ತೋರಿಸುವುದರಲ್ಲಿ ಮಧ್ಯಮ ತಪ್ಪು 186 ಮೀಟರ್. ಅಷ್ಟೇನೂ ಕೆಟ್ಟದ್ದಲ್ಲ ಎನ್ನಬಹುದು. ಬಯಲಲ್ಲಾದರೆ ನಾನೂ ಒಪ್ಪುತ್ತೇನೆ. ಬೆಟ್ಟದಲ್ಲಿ 186 ಮೀಟರ್ ಅಂದರೆ ಶಿಖರಕ್ಕೂ ಅದರ ಕೆಳಗಿನ ಇಳಿಜಾರಿಗೂ ಇರುವ ವ್ಯತ್ಯಾಸ. ಯಾವ ಮರಕ್ಕೆ, ಯಾವ ಕಂಬಕ್ಕೆ ಬಿತ್ತು ಎಂದು ನೆಟ್‌ವರ್ಕ್ ನೋಡಿ ಹೇಳಲಾಗದು.

ಕರೆಂಟಿನ ವಿಷಯದಲ್ಲಿ ತಪ್ಪು ದೊಡ್ಡದಿತ್ತು. ಗೋಪುರದಲ್ಲಿ ನೇರವಾಗಿ ಅಳೆದದ್ದಕ್ಕಿಂತ ನೆಟ್‌ವರ್ಕ್ ಹೇಳಿದ ಕರೆಂಟ್ ಸುಮಾರು 1.8 ಪಟ್ಟು ಹೆಚ್ಚು. 10 ಕಿಲೋ ಆಂಪಿಯರ್ ಇದ್ದದ್ದನ್ನು 18 ಎಂದು ಬರೆದುಕೊಂಡ ಹಾಗಾಯಿತು. ಅಲೆಯ ಬಲದಿಂದ ಕರೆಂಟ್ ಅಂದಾಜು ಮಾಡುವ ಸೂತ್ರಕ್ಕೆ ಬೆಟ್ಟ, ಗೋಪುರ ಯಾವುದೂ ಗೊತ್ತಿಲ್ಲ. ಎತ್ತರದ ಲೋಹದ ಗೋಪುರ, ಅದರಡಿಯ ಬೆಟ್ಟ ಎರಡೂ ಸೇರಿ ಅಲೆಯನ್ನು ಬಲಪಡಿಸಿ ಕಳಿಸುತ್ತವೆ. ದೂರದ ಸೆನ್ಸರ್ ಅದನ್ನು ದೊಡ್ಡ ಸಿಡಿಲು ಎಂದು ತಿಳಿದುಕೊಳ್ಳುತ್ತದೆ. ಹಾಗಾದರೆ ಬೆಟ್ಟದ ಅಂಕಿಯನ್ನೆಲ್ಲ 1.8ರಿಂದ ಭಾಗಿಸಿದರೆ ಆಯ್ತಲ್ಲ? ಆಗುವುದಿಲ್ಲ. ಅದು ಆ ಒಂದು ಗೋಪುರದ, ಆ ಒಂದು ಶಿಖರದ ಅಂಕಿ. ಬೇರೆ ಬೆಟ್ಟಕ್ಕೆ ಬೇರೆ ಇರುತ್ತದೆ, ಅದು ಎಷ್ಟೆಂದು ಅಲ್ಲಿ ಹೋಗಿ ಅಳೆಯದೆ ತಿಳಿಯದು.

ಎಣಿಕೆ ತಪ್ಪಿಹೋಗುವ, ಅಳತೆ ಉಬ್ಬುವ ಎರಡು ದೋಷಗಳೂ ಒಂದೇ ನಕ್ಷೆಯಲ್ಲಿ ಕೂತಿರುತ್ತವೆ. ಒಂದನ್ನೊಂದು ಹೊಡೆದುಹಾಕುವುದೂ ಇಲ್ಲ.

ಇದೇ ಸ್ಯಾಂಟಿಸ್‌ನಲ್ಲಿ 2021ರ ಬೇಸಿಗೆಯಲ್ಲಿ ಲೇಸರ್ ಪ್ರಯೋಗ ನಡೆಯಿತು. ಗೋಪುರದ ಪಕ್ಕದಿಂದ ಆಕಾಶಕ್ಕೆ ಸೆಕೆಂಡಿಗೆ ಸಾವಿರ ಪಲ್ಸ್‌ನಂತೆ ಲೇಸರ್ ಬಿಟ್ಟರು. ಒಂದು ಸಿಡಿಲು ಸುಮಾರು 50 ಮೀಟರ್ ದೂರ ಆ ಲೇಸರ್ ಜಾಡು ಹಿಡಿದು ಹೋದದ್ದು ಹೈಸ್ಪೀಡ್ ಕ್ಯಾಮೆರಾದಲ್ಲಿ ಸಿಕ್ಕಿತು. 2023ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿ. ಲೇಸರ್ ಫೋಟೊ ಚೆನ್ನಾಗಿ ಬರುತ್ತದೆ, ಸುದ್ದಿಯಾಗುತ್ತದೆ. ಅದಕ್ಕೆ ಮೊದಲು ಒಂದು ದಶಕ ಆ ಗೋಪುರದಲ್ಲಿ ಕೂತು ಕರೆಂಟ್ ಅಳೆದ ಸುರುಳಿಗಳ ಬಗ್ಗೆ ಯಾರೂ ಬರೆಯಲಿಲ್ಲ. ಆ ದಾಖಲೆ ಇಲ್ಲದಿದ್ದರೆ ಲೇಸರ್‌ನಿಂದ ಏನಾದರೂ ಬದಲಾಯಿತೇ ಎಂದು ಹೋಲಿಸಲು ಏನಿರುತ್ತಿತ್ತು?

ರೇಡಿಯೊ ಅಲೆಯಲ್ಲೇ ಇನ್ನೊಂದು ಬಗೆಯ ಜಾಲವಿದೆ. ಹೆಚ್ಚಿನ ಕಂಪನದ ವಿಎಚ್‌ಎಫ್ ಅಲೆಗಳನ್ನು ಹಿಡಿದು ಮೋಡದೊಳಗಿನ ಮಿಂಚಿನ ಕವಲುಗಳನ್ನೆಲ್ಲ ಮೂರು ಆಯಾಮದಲ್ಲಿ ಬಿಡಿಸುವ ವ್ಯವಸ್ಥೆ. ಅಮೆರಿಕದ ನ್ಯೂ ಮೆಕ್ಸಿಕೊ ಟೆಕ್ ಸಂಸ್ಥೆಯವರು 1990ರ ದಶಕದ ಕೊನೆಯಲ್ಲಿ ರೂಪಿಸಿದ್ದು. ವಿವರ ಅದ್ಭುತ. ಆದರೆ ಈ ಅಲೆಗಳು ನೇರವಾಗಿ ಮಾತ್ರ ಹೋಗುತ್ತವೆ. ನಡುವೆ ಬೆಟ್ಟ ಬಂದರೆ ಆಚೆಯ ಕೆಳಭಾಗ ಕತ್ತಲೆ. ಫ್ರಾನ್ಸಿನ ಕಾರ್ಸಿಕಾ ದ್ವೀಪದಲ್ಲಿ ಇದನ್ನು ನಿಭಾಯಿಸಲು 12 ಸ್ಟೇಷನ್‌ಗಳಲ್ಲಿ ಕೆಲವನ್ನು ಸಮುದ್ರದ ಮಟ್ಟದ ಹತ್ತಿರ, ಕೆಲವನ್ನು 2,000 ಮೀಟರ್‌ ಹತ್ತಿರದ ಎತ್ತರದಲ್ಲಿ ಇಟ್ಟಿದ್ದಾರೆ. ದುಡ್ಡು, ದಾರಿ, ಹಿಮ ಎಲ್ಲವನ್ನೂ ಎದುರಿಸಿ ನಡೆಸುವ ಕೆಲಸ.

ಉಪಗ್ರಹಕ್ಕೆ ಬೆಟ್ಟ ಅಡ್ಡ ಬರುವುದಿಲ್ಲ, ನಿಜ. ಟಿಆರ್‌ಎಂಎಂ ಉಪಗ್ರಹ 1997ರ ಕೊನೆಯಿಂದ ಹಲವು ವರ್ಷ ಮೋಡದ ಮೇಲಿನಿಂದ ಮಿಂಚಿನ ಬೆಳಕನ್ನು ಎಣಿಸಿತು. 2016ರಲ್ಲಿ ಪ್ರಕಟವಾದ ಅದರ ಪಟ್ಟಿಯಲ್ಲಿ ಜಗತ್ತಿಗೇ ಮೊದಲ ಜಾಗ ವೆನೆಜುವೆಲಾದ ಮರಕೈಬೊ ಸರೋವರ, ವರ್ಷಕ್ಕೆ ಚದರ ಕಿಲೋಮೀಟರಿಗೆ 233 ಮಿಂಚು. ಆಂಡಿಸ್ ಬೆಟ್ಟಗಳಿಂದ ರಾತ್ರಿ ಇಳಿದು ಬರುವ ಗಾಳಿ ಸರೋವರದ ಬೆಚ್ಚಗಿನ ತೇವದ ಗಾಳಿಗೆ ಸಿಕ್ಕಿ ಮೋಡ ಎಬ್ಬಿಸುತ್ತದೆ. ಏಷ್ಯಾದಲ್ಲಿ ಮೊದಲಿದ್ದದ್ದು ಹಿಮಾಲಯದ ತಪ್ಪಲಿಗೆ ಸೇರಿದ ಪಾಕಿಸ್ತಾನದ ದಗ್ಗರ್, 143. ಮೊದಲ ಸಾಲಿನ ಜಾಗಗಳಲ್ಲಿ ಹೆಚ್ಚಿನವು ಬೆಟ್ಟಗಳ ಆಸರೆಯಲ್ಲೇ ಇವೆ. ಈ ಅಂಕಿ ಓದುವಾಗ ಒಂದು ಎಚ್ಚರ ಬೇಕು. ಉಪಗ್ರಹ ಎಣಿಸುವುದು ಬೆಳಕನ್ನು. ಅದು ಮೋಡದೊಳಗೇ ಮುಗಿದ ಮಿಂಚೋ, ನೆಲಕ್ಕೆ ಬಡಿದ ಸಿಡಿಲೋ ಎಂದು ಅದಕ್ಕೆ ತಿಳಿಯದು. ನೋಟವೂ ಒರಟು, ಒಂದು ಚುಕ್ಕೆ ಅಂದರೆ ಕೆಲವು ಕಿಲೋಮೀಟರ್. ಎಲ್ಲಿ ಗುಡುಗು ಮಳೆ ಜಾಸ್ತಿ ಎನ್ನಲು ಸಾಕು, ಯಾವ ಶಿಖರಕ್ಕೆ ಎಷ್ಟು ಹೊಡೆತ ಎನ್ನಲು ಸಾಲದು.

ನಮ್ಮ ಕಡೆಗೆ ಬರೋಣ. ಭಾರತದಲ್ಲಿ 2022ರಲ್ಲಿ ಸಿಡಿಲಿಗೆ 2,887 ಜನ ಸತ್ತರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿ ಹೇಳುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ದೇಶದಲ್ಲಿ 80ಕ್ಕೂ ಹೆಚ್ಚು ಸೆನ್ಸರ್‌ಗಳ ನೆಟ್‌ವರ್ಕ್ ನಡೆಸುತ್ತದೆ. ಅದರ ದಾಮಿನಿ ಆ್ಯಪ್, ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಎರಡೂ ಹಲವರ ಫೋನಿನಲ್ಲಿವೆ. ಎಚ್ಚರಿಕೆ ಕೊಡುವ ಕೆಲಸಕ್ಕೆ ಇವು ಒಳ್ಳೆಯವು. ಏಪ್ರಿಲ್, ಮೇ ತಿಂಗಳ ಸಂಜೆ ದೊಡ್ಡ ಮೋಡವೊಂದು ಮಿಂಚುತ್ತಾ ಹೊಲದ ಕಡೆಗೆ ಬರುತ್ತಿದೆ ಎಂದು ತಿಳಿಯಲು 186 ಮೀಟರ್ ಲೆಕ್ಕ ಬೇಕಿಲ್ಲ. ಹತ್ತಾರು ಕಿಲೋಮೀಟರ್ ಒಳಗೆ ಮಿಂಚಿದೆ, ಒಳಗೆ ಹೋಗಿ ಎಂದರೆ ಸಾಕು.

ಪಶ್ಚಿಮ ಘಟ್ಟಕ್ಕೆ ಇನ್ನೊಂದು ಗುಣ ಇದೆ. ಮಳೆ ಸುರಿಯುವ ಕಾಲವೂ ಸಿಡಿಲಿನ ಕಾಲವೂ ಬೇರೆ ಬೇರೆ. ಜುಲೈನಲ್ಲಿ ಆಗುಂಬೆಯಲ್ಲಿ ದಿನಗಟ್ಟಲೆ ಮಳೆ ಹೊಯ್ದರೂ ಗುಡುಗು ಅಪರೂಪ. ಮೋಡದಲ್ಲಿ ಚಾರ್ಜ್ ಬೇರೆಯಾಗಲು ಮಂಜುಗಡ್ಡೆಯ ಕಣಗಳು ಒಂದಕ್ಕೊಂದು ತಾಗಬೇಕು. ಮುಂಗಾರಿನಲ್ಲಿ ಘಟ್ಟ ಹತ್ತುವ ಮೋಡಗಳು ಬಹಳ ಮೇಲಕ್ಕೆ ಬೆಳೆಯುವುದಿಲ್ಲ, ಹೆಚ್ಚಿನ ಮಳೆ ಮಂಜುಗಡ್ಡೆಯ ನೆರವಿಲ್ಲದೆ ನೀರಿನ ಹನಿಗಳಿಂದಲೇ ಆಗುತ್ತದೆ. ಸಿಡಿಲಿನ ಹಾವಳಿ ಮುಂಗಾರಿಗೆ ಮುಂಚೆ ಮತ್ತು ಅಕ್ಟೋಬರ್ ಸುಮಾರಿಗೆ. ಆದ್ದರಿಂದ ಮಳೆಯ ನಕ್ಷೆ ನೋಡಿ ಸಿಡಿಲಿನ ಅಪಾಯ ಊಹಿಸಲು ಹೋದರೆ ಘಟ್ಟದಲ್ಲಿ ಪೂರ್ತಿ ಎಡವುತ್ತೇವೆ.

ನನ್ನ ತಕರಾರು ಇರುವುದು ನೆಟ್‌ವರ್ಕಿನ ಅಂಕಿಯನ್ನು ಎಚ್ಚರಿಕೆ ಬಿಟ್ಟು ಬೇರೆ ಕೆಲಸಕ್ಕೆ ಬಳಸುವಾಗ. ಚಿತ್ರದುರ್ಗದ ಗುಡ್ಡಗಳಲ್ಲಿ, ಗದಗಿನ ಕಪ್ಪತಗುಡ್ಡದ ಆಸುಪಾಸಿನಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಇವತ್ತಿನ ಗಾಳಿಯಂತ್ರದ ರೆಕ್ಕೆಯ ತುದಿ ನೆಲದಿಂದ ನೂರು, ನೂರೈವತ್ತು ಮೀಟರ್ ದಾಟುತ್ತದೆ. ಅದನ್ನು ಗುಡ್ಡದ ಏಣಿನ ಮೇಲೆ ನಿಲ್ಲಿಸಿದರೆ ಗೈಸ್‌ಬರ್ಗ್ ಟವರ್‌ನ ಸ್ಥಿತಿಗೆ ಹತ್ತಿರ ತಂದ ಹಾಗೆ. ಮೇಲ್ಮುಖ ಸಿಡಿಲಿಗೆ ತಾನೇ ಕರೆ ಕೊಡುತ್ತದೆ. ರೆಕ್ಕೆಯ ತುದಿಯ ಲೋಹ ಕರಗುವುದಕ್ಕೆ ದೊಡ್ಡ ಹೊಡೆತವೇ ಬೇಕಿಲ್ಲ. ಒಟ್ಟು ಎಷ್ಟು ಚಾರ್ಜ್ ಹರಿಯಿತು ಎನ್ನುವುದು ಅಲ್ಲಿ ಮುಖ್ಯ. ಮೊದಲು ಹೇಳಿದ 62305 ನಿಯಮದ ಅತಿ ಕಠಿಣ ಹಂತದಲ್ಲಿ ಒಂದು ಸಿಡಿಲಿಗೆ 200 ಕಿಲೋ ಆಂಪಿಯರ್ ಕರೆಂಟ್, 300 ಕೂಲಂಬ್ ಚಾರ್ಜ್ ಎಂದಿದೆ. ಜಪಾನಿನ ಪಶ್ಚಿಮ ಕರಾವಳಿಯ ಚಳಿಗಾಲದ ಸಿಡಿಲುಗಳಲ್ಲಿ ಚಾರ್ಜ್ ಈ 300ನ್ನು ದಾಟಿದ ದಾಖಲೆಗಳಿವೆ. ಅಂಥ ಸಿಡಿಲುಗಳ ಗರಿಷ್ಠ ಕರೆಂಟ್ ನೋಡಿದರೆ ಎಷ್ಟೋ ಸಲ ಏನೂ ಇಲ್ಲ ಅನ್ನಿಸುತ್ತದೆ.

ಈಗ ಒಂದು ರೆಕ್ಕೆ ಸುಟ್ಟಿತು ಎಂದಿಟ್ಟುಕೊಳ್ಳಿ. ವಿಮೆಯವರು ನೆಟ್‌ವರ್ಕಿನ ವರದಿ ತರಿಸುತ್ತಾರೆ. ಆ ದಿನ, ಆ ಜಾಗದಲ್ಲಿ ಸಿಡಿಲಿನ ದಾಖಲೆ ಇಲ್ಲ. ಬಯಲಿನ ಮನೆಯಾಗಿದ್ದರೆ ಇದು ಗಟ್ಟಿ ಸಾಕ್ಷಿ. ಗುಡ್ಡದ ತುದಿಯಲ್ಲಿ ಇದಕ್ಕೆ ಅರ್ಧ ಬೆಲೆಯೂ ಇಲ್ಲ, ಗೈಸ್‌ಬರ್ಗಿನ ದಾಖಲೆಗಳು ಹೇಳುವುದು ಇದನ್ನೇ. ಕೆಲವು ಗಾಳಿಯಂತ್ರಗಳಲ್ಲಿ ಮಿಂಚುಬಂಧಕದ ತಂತಿಯ ಪಕ್ಕ ಕಾಂತೀಯ ಕಾರ್ಡ್ ಅಂಟಿಸಿರುತ್ತಾರೆ. ಕರೆಂಟ್ ಹರಿದಾಗ ಅದರ ಮೇಲಿನ ಗುರುತು ಅಳಿಸಿಹೋಗುತ್ತದೆ, ಆಮೇಲೆ ಓದಿಕೊಳ್ಳಬಹುದು. ಅಗ್ಗ, ಸುಲಭ. ಆದರೆ ಅದೂ ಹೇಳುವುದು ಗರಿಷ್ಠ ಕರೆಂಟನ್ನು ಮಾತ್ರ. ನಿಧಾನವಾಗಿ ಹರಿದು ಲೋಹ ಕರಗಿಸಿದ ಕೆಲವು ನೂರು ಆಂಪಿಯರ್ ಅದರಲ್ಲಿ ಕಾಣುವುದಿಲ್ಲ. ಅದನ್ನು ಹಿಡಿಯಲು ಗೋಪುರದ ಬುಡಕ್ಕೆ ರೊಗೋವ್ಸ್ಕಿ ಕಾಯಿಲ್ ಸುತ್ತಿ, ಪೂರ್ತಿ ಒಂದು ಸೆಕೆಂಡಿನ ಕರೆಂಟನ್ನು ಬರೆದುಕೊಳ್ಳುವ ರೆಕಾರ್ಡರ್ ಇಡಬೇಕು. ಒಂದು ಗಾಳಿಯಂತ್ರದ ಬೆಲೆಯ ಮುಂದೆ ಅದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಸಾಲಿಗೊಂದು ಯಂತ್ರಕ್ಕೆ ಹಾಕಿ ಆ ದಾಖಲೆಯನ್ನು ಸಂಶೋಧಕರಿಗೆ ಬಿಟ್ಟುಕೊಟ್ಟರೆ, ನಮ್ಮ ಗುಡ್ಡಗಳ ಸಿಡಿಲು ಸಾನ್ ಸಾಲ್ವಾತೋರೆಯ 30ಕ್ಕೆ ಹತ್ತಿರವೋ ಕಾಶಿಂಬೊದ 45ಕ್ಕೋ ಎನ್ನುವುದಕ್ಕೂ ಕೆಲವು ವರ್ಷಗಳಲ್ಲಿ ಒಂದಿಷ್ಟು ಅಂಕಿ ಸಿಗತೊಡಗುತ್ತದೆ.